ಚುಕ್ಕಕ್ಕನವರ ಆಕಾಶದಲ್ಲಿ ಚಪ್ಪಾಳೆಯ ಜಾಗ

ನಕ್ಷತ್ರವೊಂದು ಎಷ್ಟು ಹೊತ್ತಿಗೊಮ್ಮೆ ಮಿನುಗಬೇಕು ಎಂಬುದು ಲೋಕದ ಗತಿಯನ್ನೇ ಬದಲಿಸಬಲ್ಲ ಪ್ರಶ್ನೆಯೆಂದು ಎಲ್ಲರಿಗೂ ತೋರದಿರಬಹುದು. ನಮ್ಮ ತಾರಾಲಯದ ಗ್ರಾಫಿಕ್ಸ್ ವಿಭಾಗದಲ್ಲಿ ಮಾತ್ರ ಅದಕ್ಕಿಂತ ಗಹನವಾದ ಪ್ರಶ್ನೆ ಇರಲಿಲ್ಲ. ಅದಕ್ಕಾಗಿ ಮಾತು ಬಿಟ್ಟವರಿದ್ದಾರೆ, ಊಟ ಬಿಟ್ಟವರು ಇದ್ದಂತಿಲ್ಲ. ಈ ಪ್ರಶ್ನೆಯನ್ನು ಸೇವಾವಧಿಯುದ್ದಕ್ಕೂ ಹೊತ್ತು, ಗುಮ್ಮಟದ ಒಳಮೈಗೆ ಆಕಾಶವನ್ನು ಹೊಂದಿಸಿಕೊಟ್ಟವರು, ಈಗ ನಿವೃತ್ತರಾಗುತ್ತಿರುವ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಚುಕ್ಕಕ್ಕ ಎಂದೇ ಕರೆಯುವ ಹಿರಿಯರು. ಸ್ಫೋಟ, ಬೆಂಕಿ, ಹಾರುವ ಅಕ್ಷರಗಳಿಂದ ಈ ಕ್ಷೇತ್ರದಲ್ಲಿ ಹೆಸರು ಮಾಡಿದವರು ಹಲವರು. ಕಂಡೂ ಕಾಣದ ಮಿನುಗಿನಿಂದ ಗೌರವ ಗಳಿಸಿದವರು ಇವರೊಬ್ಬರೇ ಇರಬೇಕು.

ದೂರದರ್ಶನ ಕೇಂದ್ರವೊಂದರಲ್ಲಿ ವಾರ್ತೆಯ ತಲೆಬರಹಗಳನ್ನು ಗಿರಗಿರನೆ ತಿರುಗಿಸಿ ಬೇಸತ್ತು ಅವರು ಇಲ್ಲಿಗೆ ಬಂದಾಗ, ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಕೋಣೆ, ಒಂದು ಕಂಪ್ಯೂಟರು ಮತ್ತು ಪೊರಕೆಗಳು. ನಮ್ಮ ಕಸುಬಿಗೇ ಮೀಸಲಾದ ತಪ್ಪೊಂದಿದೆ: ಒಂದು ನಕ್ಷತ್ರವನ್ನು ಚಂದವಾಗಿ ಮಾಡಿ, ಬೆಳಗುವ ಮತ್ತು ಮಂಕಾಗುವ ಗಳಿಗೆಗಳನ್ನು ಗುರುತಿಸಿ, ಅದನ್ನೇ ನಕಲು ಮಾಡುತ್ತ ಹೋಗಿ ಆಕಾಶ ತುಂಬುವುದು. ಚಿತ್ರ ಓಡಿಸಿದರೆ ಇಡೀ ಬ್ರಹ್ಮಾಂಡ ಒಟ್ಟಿಗೆ ಕಣ್ಣು ಹೊಡೆಯುತ್ತದೆ. ಹೊಸಬರ ಇಂಥ ಆಕಾಶ ಕಂಡಾಗ ಚುಕ್ಕಕ್ಕನವರು ಬೈದದ್ದಿಲ್ಲ. “ಒಂದೇ ತಾಯಿ ಮಕ್ಕಳಾದ್ರೂ ಒಟ್ಟಿಗೆ ರೆಪ್ಪೆ ಬಡೀತಾರೇನಪ್ಪಾ?” ಎಂದು ಕೇಳಿ, ಪಕ್ಕದಲ್ಲಿ ಕುಳಿತು, ಒಂದೊಂದು ನಕ್ಷತ್ರವನ್ನೂ ಟೈಮ್‌ಲೈನಿನಲ್ಲಿ ಹಿಂದಕ್ಕೊಂದಿಷ್ಟು ಮುಂದಕ್ಕೊಂದಿಷ್ಟು ಜರುಗಿಸಿ ತೋರಿಸುತ್ತಿದ್ದರು. ತಂದೆಯ ಕಾಯಿಲೆಯಿಂದಾಗಿ ಆಸ್ಪತ್ರೆಯಲ್ಲೇ ಉಳಿಯಬೇಕಾಗಿ ಬಂದ ಸಹೋದ್ಯೋಗಿಯೊಬ್ಬರ ಧೂಮಕೇತುವನ್ನು ತಾವೇ ಮುಗಿಸಿ, ಅದರ ಬಾಲಕ್ಕೆ ಬಂದ ಪ್ರಶಂಸೆಯನ್ನೆಲ್ಲ ಅವರ ಹೆಸರಿಗೇ ಬಿಟ್ಟುಕೊಟ್ಟವರು ಇವರು.

ಇಂಥವರ ಕೈಯಿಂದಲೇ ತಾರಾಲಯದ ನಿರ್ದೇಶಕರು ಒಂದು ಅಪಚಾರ ಮಾಡಿಸಿದ್ದರು. ನಮ್ಮ ಪ್ರಾರಂಭದ ಚಿತ್ರದಲ್ಲಿ ವಾದ್ಯಗಳು ಏರುತ್ತಿದ್ದಂತೆ ಗುಮ್ಮಟದ ನಕ್ಷತ್ರಗಳೆಲ್ಲ ಒಮ್ಮೆಗೇ ಪಳ್ಳೆಂದು ಹೊತ್ತಿ, ಆರಿ, ಮತ್ತೆ ಮತ್ತೆ ಹೊತ್ತುತ್ತಿದ್ದವು. ಜನ ತಪ್ಪದೆ ಚಪ್ಪಾಳೆ ತಟ್ಟುತ್ತಿದ್ದರು. ಆ ಚಿತ್ರವನ್ನು ದಿನವೂ ಓಡಿಸುವವರು ಪ್ರೊಜೆಕ್ಟರ್ ಮಾಮ. ಅವರ ಮಗಳಿಗೆ ಬೆಳಕು ಹಾಗೆ ಬಡಿದರೆ ಫಿಟ್ಸ್ ಬರುತ್ತದೆ. ರಜೆಯಲ್ಲಿ ಅಪ್ಪನೊಡನೆ ಬರುವ ಆ ಹುಡುಗಿ ಟಿಕೆಟ್ ಕೋಣೆಯಲ್ಲಿ ಕುಳಿತು, ಗೋಡೆಯಾಚೆಯ ಚಪ್ಪಾಳೆಯನ್ನಷ್ಟೇ ಕೇಳಿ ಮನೆಗೆ ಹೋಗುತ್ತಿದ್ದಳು.

ನಿವೃತ್ತಿಯ ವರ್ಷ ಚಿತ್ರವನ್ನು ಹೊಸದಾಗಿ ಮಾಡುವ ಸಂದರ್ಭ ಬಂದಾಗ ಚುಕ್ಕಕ್ಕನವರು ಆ ಜಾಗವನ್ನೇ ತೆಗೆಯುವುದಾಗಿ ಹೇಳಿದರು. ನಿರ್ದೇಶಕರ ಕೋಣೆಯ ಬಾಗಿಲು ತೆರೆದೇ ಇದ್ದುದರಿಂದ, ಕೇಳಬಾರದೆಂಬ ನಮ್ಮ ಸಂಕಲ್ಪ ನಡೆಯಲಿಲ್ಲ.

“ಅಲ್ಲಮ್ಮಾ, ಒಬ್ಬಳಿಗೋಸ್ಕರ ಊರಿಗೆಲ್ಲ ಆಕಾಶ ಮಂಕು ಮಾಡೋದಾ?”

“ಮಂಕಲ್ಲ ಸರ್. ಮೆಲ್ಲಗೆ.”

“ಚಪ್ಪಾಳೆ ಬರೋ ಜಾಗ ಅದು.”

“ಚಪ್ಪಾಳೆ ಬೇಕು ಅಂತ ನಕ್ಷತ್ರ ಕೇಳಿಲ್ಲ. ನೀವು ಕೇಳಿದ್ರಿ, ನಾನು ಮಾಡಿಕೊಟ್ಟೆ. ಮೆಟ್ಟಿಲ ಕೆಳಗಿದ್ದೋಳು, ಬೇಡ ಅನ್ನೋ ಧೈರ್ಯ ಇರ್ಲಿಲ್ಲ.”

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. ಒಂದು ಪ್ರದರ್ಶನ ನೋಡೋಣ, ಜನ ಆಕಳಿಸಿದರೆ ಹಳೆಯದೇ ಗತಿ ಎಂದು ತೀರ್ಮಾನವಾಯಿತು.

ಅನಂತರದ ತಿಂಗಳುಗಳಲ್ಲಿ ಅವರು ಆ ಆಕಾಶವನ್ನು ಬಿಚ್ಚಿ ಮತ್ತೆ ಹೆಣೆದರು. ಎರಡು ನೆರೆಯ ನಕ್ಷತ್ರಗಳು ಒಟ್ಟಿಗೆ ಏಳಲಿಲ್ಲ. ಯಾವುದೂ ಪೂರ್ತಿ ಆರಲಿಲ್ಲ. ಹುಡುಗಿಯ ವೈದ್ಯರನ್ನೇ ಕರೆಸಿ ಖಾಲಿ ಗುಮ್ಮಟದಲ್ಲಿ ಪೂರ್ತಿ ತೋರಿಸಿದರು. ಅವರು ಎರಡು ಕಡೆ ಇನ್ನೂ ನಿಧಾನ ಬೇಕೆಂದರು. ಅಲ್ಲಿ ಇನ್ನೂ ನಿಧಾನವಾಯಿತು. ಬಾಗಿಲ ಪಕ್ಕ, ತಾಯಿಯ ಜೊತೆ ಕುಳಿತು ನೋಡಬಹುದೆಂದು ಅಪ್ಪಣೆಯಾಯಿತು.

ಹೊಸ ಚಿತ್ರದ ಮೊದಲ ಪ್ರದರ್ಶನದ ದಿನ ಪ್ರೊಜೆಕ್ಟರ್ ಮಾಮ ಆಕಾಶವನ್ನು ನೋಡಲಿಲ್ಲ. ಬಾಗಿಲ ಪಕ್ಕದ ಕುರ್ಚಿಯನ್ನು ನೋಡುತ್ತಿದ್ದರು. ಚುಕ್ಕಕ್ಕನವರೂ ಅಷ್ಟೇ. ವಾದ್ಯಗಳು ಏರಿದವು, ಇಳಿದವು. ಕತ್ತಲಲ್ಲಿ ಯಾರೋ ಕೆಮ್ಮಿದರು. ದೀಪ ಹತ್ತಿದಾಗ ಹುಡುಗಿ ಕತ್ತು ಮೇಲಕ್ಕೆತ್ತಿಕೊಂಡೇ ಕುಳಿತಿದ್ದಳು.

“ಅಪ್ಪಾ, ನೀನು ದಿನಾ ಇದನ್ನೇ ನೋಡ್ತೀಯಾ?”

“ಹೂಂ ಮಗಳೇ.”

“ಮತ್ತೆ ಮನೇಗೆ ಬಂದು ಯಾಕೆ ಗೊಣಗ್ತೀಯಾ?”

ಚುಕ್ಕಕ್ಕನವರು ಕನ್ಸೋಲಿನ ಮೇಲಿಲ್ಲದ ಧೂಳನ್ನು ಸೆರಗಿನಿಂದ ಒರೆಸತೊಡಗಿದರು.

ದೀರ್ಘಾಯುಷ್ಯವನ್ನು ಹಾರೈಸುವುದು ಇಂಥ ಅಭಿನಂದನಾ ಸಂಪುಟಗಳ ಮರ್ಯಾದೆ. ಚುಕ್ಕಕ್ಕನವರ ವಿಷಯದಲ್ಲಿ ಅದು ಅಗತ್ಯವೂ ಹೌದು: ಮನೆಯಲ್ಲಿ ಕುಳಿತು ಮೋಡಗಳ ಚಿತ್ರವೊಂದನ್ನು ಮಾಡಿಕೊಡಲು ಅವರು ಒಪ್ಪಿದ್ದಾರೆ, ಮತ್ತು ಅವರ ಮೋಡಗಳು ಅವಸರ ಮಾಡುವುದಿಲ್ಲ. ಅವು ದಿಗಂತ ಮುಟ್ಟುವವರೆಗೂ, ಅದರಾಚೆಗೂ ಅವರ ಕಣ್ಣು, ಕೈ ಗಟ್ಟಿಯಾಗಿರಲಿ.

ತಾರಾಲಯದಲ್ಲಿ ಈಗ ಹೊಸ ಚಿತ್ರವೇ ನಡೆಯುತ್ತಿದೆ. ಆ ಜಾಗದಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.