ಹೊಸ ಕುದುರೆಯ ಮೊದಲ ಸವಾರಿ

ಗೆಳೆಯರೇ, ಇವತ್ತು ನಮ್ಮ ಓಣಿಯಲ್ಲಿ ನನ್ನ ಮಾನ ಹೋಯಿತು. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಹಳ್ಳಿ ಶಾಲೆಗಳ ತಪಾಸಣೆಗೆ ಓಡಾಡಲೆಂದು ತಂದ ತಟ್ಟುಕುದುರೆಯನ್ನು ಇಂದು ಮೊದಲ ಸಲ ಹತ್ತಿದೆ. "ಪೂರಾ ನನ್ನ ಕೈಗೆ ಪಳಗೈತ್ರಿ ಕಾಕಾ" ಎಂದು ಎದುರು ಮನೆಯ ಕಟ್ಟೆಯ ಮೇಲಿದ್ದ ರಾಘಣ್ಣಕಾಕಾನ ಮುಂದೆ ಜಂಬ ಕೊಚ್ಚಿಕೊಂಡೆ. ಕುದುರೆ ಮಾತ್ರ ಕದಲಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯಾಕೆ ಕೊಡ ಹಿಡಿದು ಬಾವಿಗೆ ಹೊರಟಳು. ಕುದುರೆ ತಾನಾಗಿ ಅವಳ ಬೆನ್ನು ಹತ್ತಿತು. ಲಗಾಮು ಜಗ್ಗಿದರೂ ಕೇಳಲಿಲ್ಲ. ಬಂದಂದಿನಿಂದ ಅದಕ್ಕೆ ಹುಲ್ಲು, ನೆನೆಸಿದ ಕಡಲೆ ಹಾಕಿದವಳು ಅವಳೇ. ನಾನು ರುಮಾಲು ಸುತ್ತಿಕೊಂಡು ಅದರ ಬೆನ್ನು ಸವರಿದ್ದಷ್ಟೇ.

ಮದುವೆಯಾದಾಗಿನಿಂದ ನನ್ನ ಹಿಂದೆಯೇ ನಡೆದವಳು ಇಡೀ ಓಣಿ ನೋಡುವಂತೆ ಮುಂದೆ ನಡೆದಳು. ಪಾಪ, ನಾಚಿಕೊಂಡು ಓಡಿದಳು. ಕುದುರೆಯೂ ಓಡಿತು.

"ಏನಪಾ ಸಾಹೇಬ, ಮೆರವಣಿಗಿ ಎಲ್ಲಿಗೆ ಹೊಂಟೈತಿ?" ಎಂದು ಕೂಗಿದರು ಕಾಕಾ.

ಸಂಜೆ ಅವಳು ಮೆಲ್ಲಗೆ ಕೇಳಿದಳು: "ನಾಳಿ ಗೋಪನಕೊಪ್ಪದ ಸಾಲಿಗೆ ನಾನೂ ಬರಬೇಕೇನ್ರಿ?"

ಬೇಡ ಎನ್ನುವ ಧೈರ್ಯ ನನಗಿನ್ನೂ ಬಂದಿಲ್ಲ.