ಹತ್ತೊಂಬತ್ತನೆಯ ಗಾಡಿ

ನಮ್ಮ ಭಾವನ ಸಿಟ್ಟೆಲ್ಲ ಒಂದು ಕಬ್ಬಿಣದ ಕಪಾಟಿನಲ್ಲಿದೆ. ಕಪಾಟಿನ ಕೆಳಗಿನ ಅರೆಗಳಲ್ಲಿ ಸ್ಪ್ಯಾನರು, ಸುತ್ತಿಗೆ, ಅರಗಳು. ಮೇಲಿನ ಅರೆಯಲ್ಲಿ ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರುಗಳ ಚರಿತ್ರೆ ಹೇಳುವ ಆರು ಪುಸ್ತಕಗಳು. ಕಂದು ಕಾಗದದ ಹೊದಿಕೆ ಹಾಕಿಸಿಕೊಂಡು, ಸ್ಪ್ಯಾನರುಗಳ ಹಾಗೆಯೇ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿವೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಲವತ್ತೈದು ವರ್ಷ ಮೆಕ್ಯಾನಿಕ್ ಆಗಿ ದುಡಿದವರು, ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ನೆರೆಹೊರೆಯವರ ಸೈಕಲ್ಲು, ನೀರೆತ್ತುವ ಪಂಪು ರಿಪೇರಿ ಮಾಡಿಕೊಂಡಿದ್ದಾರೆ. ಪುಸ್ತಕ ಮುಟ್ಟುವ ಮೊದಲು ಸೀಮೆಎಣ್ಣೆಯಲ್ಲಿ ಒಮ್ಮೆ, ಸೋಪಿನಲ್ಲಿ ಎರಡು ಸಲ ಕೈ ತೊಳೆಯುತ್ತಾರೆ.

"ಊಟಕ್ಕೆ ಕೂರುವಾಗ ಒಂದೇ ಸಲ ತೊಳೀತಾರೆ" ಎಂದು ಅಕ್ಕ ನನಗೆ ದೂರು ಹೇಳುತ್ತಾಳೆ. "ನನ್ನ ಅಡುಗೆಗಿಂತ ಆ ಕಾಗದ ಹೆಚ್ಚಾಯ್ತು."

ಆರೂ ಪುಸ್ತಕಗಳನ್ನು ಭಾವ ಹಳೆ ಪುಸ್ತಕದ ಅಂಗಡಿಗಳಲ್ಲಿ ಒಂದೊಂದಾಗಿ ಹುಡುಕಿ ತಂದದ್ದು. ಇಂಗ್ಲಿಷ್ ಅವರಿಗೆ ಕೂಡಿಸಿ ಓದುವಷ್ಟು ಮಾತ್ರ ಬರುತ್ತದೆ. ಹಾಗಾಗಿ ಓದಿ ಹೇಳುವ ಕೆಲಸ ನನ್ನದು. ಶಾಲೆಯಿಂದ ನಿವೃತ್ತನಾದ ಮೇಲೆ ನನಗೆ ಸಿಕ್ಕ ಏಕೈಕ ವಿದ್ಯಾರ್ಥಿ ಅವರು. ಬಹಳ ತಂಟೆಕೋರ ವಿದ್ಯಾರ್ಥಿ.

ಕಾರಣವಿಷ್ಟೆ. ಆರೂ ಪುಸ್ತಕಗಳಲ್ಲಿ ಒಂದು ಸಣ್ಣ ಕಂಪನಿಯ ಕತೆ ಬರುತ್ತದೆ. ಅವರು ಮೇಲ್ಛಾವಣಿಯಿಲ್ಲದ, ಇಬ್ಬರೇ ಕೂರುವ ಒಂದು ಹಸಿರು ಕಾರನ್ನು ಮಾಡಿದರು. ಹತ್ತೊಂಬತ್ತು ಗಾಡಿ ಮಾಡುವಷ್ಟರಲ್ಲಿ ಬಾಗಿಲು ಮುಚ್ಚಿದರು. ಹದಿನೆಂಟು ಗಾಡಿಗಳು ಎಲ್ಲೆಲ್ಲಿ ಇದ್ದವು ಎಂಬ ಲೆಕ್ಕವಿದೆ. ಹತ್ತೊಂಬತ್ತನೆಯದು ಬಣ್ಣ ಆರುವ ಮೊದಲೇ ಕಾರ್ಖಾನೆಯಲ್ಲಿ ಸುಟ್ಟುಹೋಯಿತು.

"ಸುಟ್ಟುಹೋಯ್ತಂತೆ!" ಭಾವ ಆ ಪುಟವನ್ನು ಬೆರಳಿನಿಂದ ಕುಟ್ಟುತ್ತಾರೆ. "ಸುಟ್ಟುಹೋದ ಗಾಡಿಗೆ ನಾನು ವರ್ಷಗಟ್ಟಲೆ ಆಯಿಲ್ ಬದಲಾಯಿಸಿದೆನಾ? ಹೇಳಿ ಮೇಷ್ಟ್ರೇ, ನೀವು ಓದಿದವರು."

ಓದಿದ ತಪ್ಪಿಗೆ ನಾನು ಉತ್ತರ ಹೇಳಬೇಕು! ಒಂದು ಪುಸ್ತಕ ನೋಡಿ ಇನ್ನೊಂದು ಬರೆದಿದ್ದಾರೆ ಭಾವ, ಎನ್ನುತ್ತೇನೆ. ಅದು ನಿಜವೇ. ಮೊದಲನೆಯ ಪುಸ್ತಕದಲ್ಲಿ ಬರೀ ಬೆಂಕಿಯಿತ್ತು. ಮೂರನೆಯದರಲ್ಲಿ ಗಾಳಿಯೂ ಬೀಸಿತು. ಐದನೆಯದಕ್ಕೆ ಬರುವ ಹೊತ್ತಿಗೆ ಬಕೆಟ್ಟು ಹಿಡಿದು ಓಡಿಬಂದ ಕಾವಲುಗಾರನೊಬ್ಬ ಹುಟ್ಟಿಕೊಂಡಿದ್ದ. ಆ ಪುಟದ ಅಂಚಿನಲ್ಲಿ ಭಾವ ಪೆನ್ಸಿಲಿನಿಂದ "ಇವನಪ್ಪನಾಣೆ ಸುಳ್ಳು" ಎಂದು ಬರೆದಿದ್ದಾರೆ.

ಆ ಹತ್ತೊಂಬತ್ತನೆಯ ಗಾಡಿ ನಮ್ಮೂರಿನ ಒಬ್ಬ ಡಾಕ್ಟರ ಬಳಿ ಇತ್ತು. ಅದನ್ನು ನೋಡಿಕೊಂಡವರು ಭಾವನಿಗೆ ಕೆಲಸ ಕಲಿಸಿದ ಉಸ್ತಾದ್. ಅವರ ಗ್ಯಾರೇಜಿಗೆ ಒಂದು ಬೋರ್ಡು ಸಹ ಇರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ, ತುದಿಯನ್ನು ಇಂಜಿನ್ನಿಗೆ ಒತ್ತಿಕೊಂಡು ರೋಗ ಹೇಳುತ್ತಿದ್ದ ಮನುಷ್ಯ. ಮುಚ್ಚಿಹೋದ ಕಂಪನಿಯ ಗಾಡಿಗೆ ಬಿಡಿಭಾಗ ಎಲ್ಲಿ ಸಿಗಬೇಕು? ಬುಷ್, ಸ್ಪ್ರಿಂಗ್, ಕೊನೆಗೆ ಬಾಗಿಲಿನ ಹಿಡಿಯನ್ನೂ ಅವರೇ ಕೈಯಾರೆ ಮಾಡಿದರು. ಡಾಕ್ಟರು ತೀರಿಕೊಂಡ ಮೇಲೆ ಮನೆಯವರು ಗಾಡಿಯನ್ನು ಗುಜರಿಗೆ ಹಾಕಿದರು. ಉಸ್ತಾದರೂ ಹೋದರು. ಅವರ ಒಂದು ಫೋಟೋ ಕೂಡ ಉಳಿದಿಲ್ಲ.

"ಆ ಪುಸ್ತಕದಲ್ಲಿ ಉಸ್ತಾದರ ಹೆಸರು ಬರಬೇಕು" ಎನ್ನುತ್ತಾರೆ ಭಾವ. "ಅಷ್ಟು ಮಾಡಿಕೊಡಿ ಮೇಷ್ಟ್ರೇ. ಆಮೇಲೆ ನಾನು ನಿಮ್ಮನ್ನ ಪೀಡಿಸಲ್ಲ."

ಆರನೆಯ ಪುಸ್ತಕ ಬರೆದಾತ ಇನ್ನೂ ಬದುಕಿದ್ದ. ನಾನು ಕಾಗದ ಬರೆದೆ. ಸಭ್ಯ ಮನುಷ್ಯ, ಉತ್ತರ ಬಂತು: ಆಧಾರವೇನು? ಅಕ್ಕ ಎಲ್ಲಿಂದಲೋ ಒಂದು ಫೋಟೋ ಸಂಪಾದಿಸಿದಳು. ಡಾಕ್ಟರ ಹೆಂಡತಿ ಗಾಡಿಯ ಮುಂದೆ ನಿಂತು ತೆಗೆಸಿಕೊಂಡದ್ದು. ಆಕೆ ದಷ್ಟಪುಷ್ಟ ಹೆಂಗಸು. ಹಿಂದೆ ಕಾಣುತ್ತಿದ್ದುದು ಒಂದು ಚಕ್ರ ಮಾತ್ರ. ಇಂಥ ಚಕ್ರ ನಲವತ್ತು ಬಗೆಯ ಕಾರುಗಳಿಗಿದೆ ಎಂದು ಆತ ಬರೆದ.

"ಸ್ವಲ್ಪ ಪಕ್ಕಕ್ಕೆ ನಿಂತಿದ್ರೆ ಆಯಮ್ಮನ ಗಂಟೇನು ಹೋಗ್ತಿತ್ತು?" ಎಂದು ಭಾವ ಹಲ್ಲು ಕಡಿದರು.

ಹೀಗೆ ಎರಡು ವರ್ಷ, ಒಂಬತ್ತು ಕಾಗದ. ಪ್ರತಿ ಸಲವೂ ಆತನ ಪ್ರಶ್ನೆ ಒಂದೇ. ಬಾನೆಟ್ಟಿನ ಒಳಗೆ ಗಾಡಿಯ ನಂಬರು ಕೆತ್ತಿದ ಹಿತ್ತಾಳೆ ತಗಡು ಇರುತ್ತದೆ. ಗಾಡಿಯನ್ನು ಗುಜರಿಗೆ ಹಾಕುವವರೂ ಅದೊಂದನ್ನು ಕಿತ್ತು ಇಟ್ಟುಕೊಳ್ಳುತ್ತಾರೆ. ಅದು ಏನಾಯಿತು? ಪ್ರತಿ ಸಲವೂ ಭಾವ, "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು ಅಂತ ಬರೀರಿ" ಎಂದು ಎದ್ದುಹೋಗುವರು. ನನಗೂ ತಾಳ್ಮೆ ಕೆಟ್ಟಿತು. ಮೂವತ್ತೆಂಟು ವರ್ಷ ಮಕ್ಕಳ ನೆಪಗಳನ್ನು ಕೇಳಿದವನಿಗೆ ನೆಪ ಗೊತ್ತಾಗದೆ ಇರುತ್ತದೆಯೇ?

ಒಂಬತ್ತನೆಯ ಕಾಗದಕ್ಕೆ ಉತ್ತರವಾಗಿ ಆತ ಖಡಾಖಂಡಿತವಾಗಿ ಬರೆದ. ಪುಸ್ತಕ ಮತ್ತೆ ಅಚ್ಚಾಗುತ್ತಿದೆ, ತನ್ನ ವಯಸ್ಸಿಗೆ ಇದೇ ಕೊನೆಯದು, ಎರಡು ತಿಂಗಳಲ್ಲಿ ಆಧಾರ ಬರದಿದ್ದರೆ ಬೆಂಕಿಯ ಕತೆಯೇ ಉಳಿಯುತ್ತದೆ.

"ಭಾವ, ಆ ತಗಡು ಎಲ್ಲಿ?" ಎಂದೆ.

"ಬಿದ್ದುಹೋಗಿರಬೇಕು."

"ರೀ, ಹೇಳ್ಬಿಡಿ!" ಅಕ್ಕ ಒಳಗಿನಿಂದ ಸೌಟು ಹಿಡಿದೇ ಬಂದಳು. "ಮದುವೆಯಾದ ವರ್ಷದಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನನ್ನ ಹತ್ರ ಹೇಳೋಕೆ ಆಗುತ್ತೆ, ನನ್ನ ತಮ್ಮನ ಹತ್ರ ಆಗಲ್ವಾ?"

ಭಾವ ಬೆರಳಿನ ಉಗುರು ಕೆರೆಯುತ್ತ ಬಾಯಿಬಿಟ್ಟರು.

ಅವರಿಗಾಗ ಇಪ್ಪತ್ತೆರಡು ವರ್ಷ. ಉಸ್ತಾದ್ ಜ್ವರ ಬಂದು ಮಲಗಿದ್ದರು. ಡಾಕ್ಟರು ಗಾಡಿ ತಂದರು. ಗೇರ್ ಬಾಕ್ಸ್ ಕೂತ ಜಾಗದಲ್ಲಿ ಸಡಿಲವಾಗಿ ಗಡಗಡ ಅಲುಗುತ್ತಿತ್ತು. ಅಡಿಗೆ ಒಂದು ತಗಡು ಕೊಟ್ಟು ಬಿಗಿಯಬೇಕು. ಎಷ್ಟು ತಡಕಿದರೂ ಸರಿಯಾದ ದಪ್ಪದ್ದು ಗ್ಯಾರೇಜಿನಲ್ಲಿ ಸಿಗಲಿಲ್ಲ. ಡಾಕ್ಟರು ಗಡಿಯಾರ ನೋಡುತ್ತ ನಿಂತಿದ್ದರು. ಭಾವನ ಕಣ್ಣು ಬಾನೆಟ್ಟಿನ ಒಳಗೆ ಹತ್ತೊಂಬತ್ತು ಎಂದು ಕೆತ್ತಿದ್ದ ಹಿತ್ತಾಳೆ ತಗಡಿನ ಮೇಲೆ ಬಿತ್ತು.

"ಅಯ್ಯೋ, ಅದನ್ನೇ ತುರುಕಿದ್ರಾ?"

"ಅಳತೆಗೆ ಹೇಳಿ ಮಾಡಿಸಿದ ಹಾಗಿತ್ತು ಮೇಷ್ಟ್ರೇ! ನಂಬರು ಇದ್ರೆ ಗಾಡಿ ಓಡುತ್ತಾ?"

"ಉಸ್ತಾದ್ ಬಂದು ನೋಡಿ ಏನಂದ್ರು?"

"ಕೆಳಗೆ ಮಲಗಿ ನೋಡಿದ್ರು. 'ಅಳತೆ ಸರಿಯಾಗಿದೆ' ಅಂದ್ರು. ಅಷ್ಟೇ." ಭಾವನ ಧ್ವನಿ ಇಳಿಯಿತು. "ಈಗ ಇದನ್ನ ಬರೆದ್ರೆ ಓದಿದವರೆಲ್ಲ ಏನಂತಾರೆ? ನಂಬರ್ ತಗಡನ್ನೇ ಕಿತ್ತು ತುರುಕೋ ಗ್ಯಾರೇಜು ಅಂತಾರೆ. ಉಸ್ತಾದರ ಹೆಸರು ಬರದೇ ಇದ್ರೂ ಸರಿ, ಹೀಗೆ ಬರೋದು ಬೇಡ."

"ತಪ್ಪು ನಿಮ್ಮದು ಅಂತ ಬರೀತೀನಿ. ಅವರಿಗೆ ಜ್ವರವಿತ್ತು ಅಂತಲೂ ಬರೀತೀನಿ."

ಮೂರನೆಯ ದಿನ ಭಾವ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು. ಒಂದು ವಿವರವನ್ನೂ ಬಿಡಲಿಲ್ಲ. "ತಗಡಿಗೆ ನಾಲ್ಕು ರಿವೆಟ್ಟು ಅಂತ ಮೇಲೆ ಕಾಣುತ್ತೆ. ಮೂರಕ್ಕೆ ಉಳಿ ಇಟ್ಟು ಹೊಡೆದೆ. ನಾಲ್ಕನೇದು ಬೆರಳು ತಾಕಿದ ಕೂಡಲೇ ಉದುರಿತು. ಬರೀ ತಲೆ, ಅಂಟಿಸಿದ್ದು. ಹಿಂದೆ ಪೈಪ್ ಹಾದುಹೋಗುತ್ತೆ ಅಂತ ಅಲ್ಲಿ ತೂತೇ ಕೊರೆದಿರಲಿಲ್ಲ, ಕಳ್ಳರು. ಅದನ್ನೂ ಬರೀರಿ."

ಇದೆಲ್ಲ ಯಾಕೆ ಎನಿಸಿದರೂ ಬರೆದೆ.

ಆರು ವಾರಕ್ಕೆ ಉತ್ತರ ಬಂತು. ಆತ ಇಬ್ಬರು ಮಾಲೀಕರನ್ನು ಕಾಡಿ ಬೇಡಿ, ಉಳಿದ ಗಾಡಿಗಳಲ್ಲಿ ಎರಡರ ತಗಡು ತೆಗೆಸಿ ನೋಡಿದ್ದ. ಎರಡರಲ್ಲೂ ನಾಲ್ಕನೆಯ ರಿವೆಟ್ಟು ಬರೀ ತಲೆ. ಆ ಸಂಗತಿ ಯಾವ ಪುಸ್ತಕದಲ್ಲೂ ಇಲ್ಲ, ತನಗೂ ಗೊತ್ತಿರಲಿಲ್ಲ, ಕೈಯಾರೆ ಕಿತ್ತವನಿಗೆ ಮಾತ್ರ ಗೊತ್ತಿರಲು ಸಾಧ್ಯ, ಉಳಿದ ಹದಿನೆಂಟರ ಲೆಕ್ಕ ಇರುವುದರಿಂದ ಇದು ಹತ್ತೊಂಬತ್ತನೆಯದೇ ಎಂದು ಬರೆದಿದ್ದ. ಎರಡು ವರ್ಷ ಭಾವ ಬಚ್ಚಿಟ್ಟದ್ದೇ ಆಧಾರವಾಗಿತ್ತು! ಮೊದಲ ಕಾಗದದಲ್ಲೇ ಬರೆದಿದ್ದರೆ ಒಂಬತ್ತು ಕಾಗದ ಉಳಿಯುತ್ತಿತ್ತಲ್ಲ ಎಂದು ನಾನು ತಲೆ ಚಚ್ಚಿಕೊಂಡೆ.

ಹೋದ ತಿಂಗಳು ಆತನ ಪುಸ್ತಕದ ಹೊಸ ಅಚ್ಚು ಕಪಾಟಿನ ಏಳನೆಯ ಪುಸ್ತಕವಾಗಿ ಬಂತು. ಅಕ್ಕನೂ ಒಲೆ ಆರಿಸಿ ಬಂದು ಕೂತಳು. ನಾನು ಓದಿ, ಕನ್ನಡದಲ್ಲಿ ಹೇಳಿದೆ: ಹತ್ತೊಂಬತ್ತನೆಯ ಗಾಡಿ ಸುಡಲಿಲ್ಲ. ದೂರದ ಒಂದು ಊರಿನಲ್ಲಿ ಅದನ್ನು ಬಹುಕಾಲ ಓಡಿಸಿದ್ದು, ಬಿಡಿಭಾಗಗಳನ್ನೆಲ್ಲ ಕೈಯಾರೆ ಮಾಡಿದ್ದು ಒಬ್ಬ ಕುಶಲ ಮೆಕ್ಯಾನಿಕ್. ಮುಂದೆ ಉಸ್ತಾದರ ಹೆಸರು, ಒಂದಕ್ಷರ ತಪ್ಪದೆ.

ಭಾವ ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿಸಿದರು. ಮತ್ತೂ ಒಮ್ಮೆ. ಇನ್ನಾದರೂ ಈ ಕಪಾಟಿಗೆ ಶಾಂತಿ ಸಿಕ್ಕಿತು ಎಂದುಕೊಂಡೆ.

"ಅದರ ಕೆಳಗೇನೋ ಇದೆಯಲ್ಲ, ಅದು?"

"ಅದು ನಿಮ್ಮದು. 'ಅವರ ಶಿಷ್ಯನೊಬ್ಬ ಅವಸರದಲ್ಲಿ ನಂಬರ್ ತಗಡನ್ನು ಗೇರ್ ಬಾಕ್ಸಿನ ಅಡಿಗೆ ತುರುಕಿದ್ದರಿಂದ ಗಾಡಿಯ ಗುರುತು ಕಳೆದುಹೋಯಿತು.'"

"ಅಷ್ಟೇನಾ?"

"ಅಷ್ಟೇ."

"ಅದಾದ ಮೇಲೆ ಹನ್ನೊಂದು ವರ್ಷ ಆ ಗೇರ್ ಬಾಕ್ಸು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ! ಅದನ್ಯಾಕೆ ಬರೆದಿಲ್ಲ ಅವನು?" ಭಾವ ಎದ್ದೇ ನಿಂತರು. "ತುರುಕಿದ್ನಂತೆ! ಅಳತೆ ಸರಿಯಾಗಿದೆ ಅಂತ ಉಸ್ತಾದರೇ ಹೇಳಿದ್ದು. ತಗೊಳ್ಳಿ ಮೇಷ್ಟ್ರೇ ಪೆನ್ನು."

ಅಕ್ಕ ನನ್ನನ್ನೊಮ್ಮೆ ನೋಡಿ, ಹೋಗಿ ಒಲೆ ಹಚ್ಚಿದಳು.

ಹನ್ನೊಂದನೆಯ ಕಾಗದ ಮೊನ್ನೆ ಅಂಚೆಗೆ ಬಿತ್ತು. ಹನ್ನೊಂದು ವರ್ಷ ಎಂಬಲ್ಲಿ ಎರಡು ಗೆರೆ ಎಳೆದಿದೆ. ಅವು ಭಾವನೇ ಸ್ಕೇಲ್ ಇಟ್ಟು ಎಳೆದದ್ದು.