ಗಂಗಾಂಬಿಕಾಳ ಜೊತೆಗೆ ಓದಿದವಳು

ದಾಸನಕೊಪ್ಪದ ನಾಗಪ್ಪನವರ ಮಗಳು ಗಂಗಾಂಬಿಕಾ ಇಂಟರ್‌ನ್ಯಾಷನಲ್ ಬಿಸಿನೆಸ್ಸಿನಲ್ಲಿ ಎಂ.ಬಿ.ಎ. ಮಾಡುತ್ತೇನೆಂದಾಗ ಅದೇನೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನಾಗಪ್ಪನವರು ಶುಂಠಿ ವ್ಯಾಪಾರಿ. ತಮ್ಮ ಚೀಲಗಳು ಹುಬ್ಬಳ್ಳಿ ಮುಟ್ಟುವವರೆಗಿನ ದಾರಿ ಅವರಿಗೆ ಗೊತ್ತಿತ್ತು. ಅಲ್ಲಿಂದಾಚೆಯದು ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಅನಿಸಿಯೂ ಇರಲಿಲ್ಲ. ಮಗಳಿಗೆ ಅನಿಸಿತ್ತು. ಶಿರಸಿಯಲ್ಲಿ ಕಾಳುಮೆಣಸು ರಫ್ತು ಮಾಡುವ ಕಚೇರಿಯೊಂದರಲ್ಲಿ ಕೆಲಸ ಸಿಕ್ಕ ಮೇಲೆ, ೨೦೦೪ರಲ್ಲಿ, ಅಂಚೆ ಶಿಕ್ಷಣಕ್ಕೆ ಹೆಸರು ಹಚ್ಚಿದಳು. ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಓದಲಾಗದೆಂದು ಪೇಟೆಯಲ್ಲಿ ಕೋಣೆ ಹುಡುಕಿದಳು.

ಹಾಗೆ ಸಿಕ್ಕಿದ್ದು ವೆಂಕಮ್ಮನ ಮನೆ. ಹಪ್ಪಳ, ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದ ಹವ್ಯಕರ ಹೆಂಗಸು. ಜಾತಿ ಕೇಳುತ್ತಾರೇನೋ ಎಂದು ಗಂಗಾಂಬಿಕಾ ಅಳುಕುತ್ತ ನಿಂತಿದ್ದಳು. ವೆಂಕಮ್ಮ ಕೇಳಿದ್ದು ಬೇರೆ.

"ಓದದು ಎಂತದು ತಂಗಿ?"

"ಎಂ.ಬಿ.ಎ. ರೀ ಅಮ್ಮಾ. ಇಂಟರ್‌ನ್ಯಾಷನಲ್ ಬಿಸಿನೆಸ್."

ವೆಂಕಮ್ಮ ಹಿಟ್ಟು ಮೆತ್ತಿದ ಕೈಯನ್ನು ಹಾಗೇ ಎತ್ತಿ ಹಿಡಿದು ಒಳಗಿನ ಕೋಣೆಯ ಕಡೆ ನಡೆದಳು. "ಇದು ನಮ್ಮ ಕೂಸಿನ ಕೋಣೆ, ನನ್ನ ಮಗಳದ್ದು. ಮಧುರಾ ಹೇಳಿ. ಅದೂ ಇದನ್ನೇ ಓದ್ತಿತ್ತು. ಮೊದಲ ವರ್ಷ ಮುಗಿಸ್ತು, ಜ್ವರ ಬಂತು, ತೀರಿಹೋತು." ಬಾಗಿಲು ತೆರೆದಳು. "ಇರು. ಆದ್ರೆ ಓದದು ಗಟ್ಟಿಯಾಗಿ ಓದು. ಈ ಮನೇಲಿ ಹಂಗೇ ರೂಢಿ."

ಕನ್ನಡ ಮಾಧ್ಯಮದ ಹುಡುಗಿ. ಗಟ್ಟಿಯಾಗಿ ಓದದೆ ಇಂಗ್ಲಿಷು ಅವಳ ತಲೆಗೂ ಹತ್ತುತ್ತಿರಲಿಲ್ಲ. ಒಪ್ಪಿದಳು.

ಒಂದು ಭಾನುವಾರ ಮಧ್ಯಾಹ್ನ ರಫ್ತಿನ ಹಣಕ್ಕೆ ಬ್ಯಾಂಕು ಕೊಡುವ ಖಾತ್ರಿಪತ್ರದ, ಲೆಟರ್ ಆಫ್ ಕ್ರೆಡಿಟ್ಟಿನ, ಪಾಠ ಓದುತ್ತಿದ್ದಳು. ಉದ್ದದ ವಾಕ್ಯ. ಉಸಿರು ಸಾಲದೆ ನಡುವೆ ನಿಲ್ಲಿಸಿದಳು. ಉಳಿದ ಅರ್ಧ ಗೋಡೆಯ ಕಡೆಯಿಂದ ಕೇಳಿಸಿತು. ಸಣ್ಣ ದನಿ. ಬಾಯಿಪಾಠ ಬಂದವರು ಒಪ್ಪಿಸುವ ಹಾಗೆ ಅವಸರದಲ್ಲಿ ಮುಗಿಸಿ ಸುಮ್ಮನಾಯಿತು.

ವೆಂಕಮ್ಮ ಇರಬೇಕೆಂದು ಹೊರಗೆ ಇಣುಕಿದಳು. ವೆಂಕಮ್ಮ ಅಂಗಳದ ಆ ತುದಿಯಲ್ಲಿ ಹಪ್ಪಳಕ್ಕೆ ಬಂದ ಕಾಗೆ ಓಡಿಸುತ್ತಿದ್ದಳು. ಮನೆಯಲ್ಲಿ ಮತ್ತೊಬ್ಬರಿಲ್ಲ. ಆ ಗೋಡೆಯ ಆಚೆಗೆ ಕೋಣೆಯೂ ಇಲ್ಲ, ಹಲಸಿನ ಮರ.

ಭ್ರಮೆ ಎಂದುಕೊಂಡಳು. ಆದರೆ ಮಾರನೆಯ ಸಂಜೆಯೂ ದನಿ ಬಂತು. ಆಮೇಲೆ ಅದು ಬಾರದ ದಿನವೇ ಇಲ್ಲ. ಯಾವಾಗಲೂ ಅವಳಿಗಿಂತ ಒಂದು ಶಬ್ದ ಮುಂದೆ. ಅವಳು ತಪ್ಪಾಗಿ ಓದಿದರೆ ನಿಂತುಬಿಡುತ್ತಿತ್ತು, ತಿದ್ದಿಕೊಳ್ಳುವವರೆಗೆ ಕಾಯುತ್ತಿತ್ತು. ಅಂಜಿಕೆಯಾದರೂ ಕುಳಿತು ಓದಿದಳು. ಯಾಕೆಂದರೆ ಪಾಠ ತಲೆಗೆ ಹತ್ತುತ್ತಿತ್ತು. ಮೊದಲ ವರ್ಷದ ಅಂಕಗಳನ್ನು ಕಂಡು ಕಚೇರಿಯವರೇ ಬೆರಗಾದರು.

ಎರಡನೇ ವರ್ಷದ ಪುಸ್ತಕ ತೆರೆದ ದಿನ ಸಮುದ್ರ ವಿಮೆಯ ಪಾಠ. ಮೊದಲ ಸಾಲು ಓದಿದಳು. ದನಿಯಿಲ್ಲ. ಎರಡನೆಯ ಸಾಲು. ಇಲ್ಲ. ಅಬ್ಬಾ, ಮುಗಿಯಿತು ಎಂದು ಮನಸ್ಸು ಹಗುರಾಗುವಷ್ಟರಲ್ಲಿ ದನಿ ಬಂತು. ಈ ಸಲ ಅವಳ ಓದಿನ ಹಿಂದೆ. ಅವಳು ಓದಿದ್ದನ್ನೇ ಅಕ್ಷರ ಅಕ್ಷರ ಕೂಡಿಸಿಕೊಂಡು, ತಡವರಿಸಿಕೊಂಡು ಹೇಳುತ್ತಿತ್ತು. ಬೇಕೆಂದೇ ಒಂದು ಸಾಲು ತಪ್ಪಾಗಿ ಓದಿದಳು. ಅದೇ ತಪ್ಪು, ಹಾಗೆಯೇ, ತಿರುಗಿ ಬಂತು. ಹಡಗಿನಿಂದ ಸರಕು ಸಮುದ್ರಕ್ಕೆ ಎಸೆಯುವುದಕ್ಕೆ 'ಜೆಟಿಸನ್' ಎಂಬ ಪದ. ಅದು ನಾಲಿಗೆಗೆ ಹೊರಳದೆ ದನಿ ಮತ್ತೆ ಮತ್ತೆ ಎಡವಿತು. ಈ ಪಾಠವನ್ನು ಅದು ಓದಿರಲೇ ಇಲ್ಲ.

ಪುಸ್ತಕ ಮುಚ್ಚಿ ಅಡಿಗೆಮನೆಗೆ ಓಡಿದಳು. "ಅಮ್ಮಾ, ಆ ಕೋಣ್ಯಾಗ ಯಾರೋ ಅದಾರ್ರೀ."

ವೆಂಕಮ್ಮ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. "ಮೊದಲ ವರ್ಷದ್ದು ಅದು ನಿಂಗೆ ಹೇಳಿಕೊಡ್ತು. ಈಗ ನೀನು ಅದಕ್ಕೆ ಹೇಳಿಕೊಡು."

"ನಿಮಗೂ ಕೇಳಸ್ತತೇನ್ರೀ?"

"ಅದು ಹೋದ ಮೇಲೆ ಒಂದು ದಿನಾನೂ ಕೇಳಿದ್ದಿಲ್ಲೆ. ನೀನು ಬಂದ ಮೇಲೆ ಶುರುವಾತು."

ಸಂಜೆಯ ಬಸ್ಸಿಗೇ ಗಂಗಾಂಬಿಕಾ ದಾಸನಕೊಪ್ಪಕ್ಕೆ ಹೋದಳು. ಅವ್ವ ಪಾರ್ವತವ್ವ ಎಲ್ಲ ಕೇಳಿ, "ಆ ಕೋಣಿ ಬಿಡು ನಮ್ಮವ್ವಾ, ಓದೂ ಬ್ಯಾಡ" ಎಂದಳು. ಅವಳೂ ಹಾಗೇ ನಿಶ್ಚಯಿಸಿದ್ದಳು. ಆದರೆ ಆ ಪದವನ್ನು ಹಿಡಿಯಲು ಹೆಣಗುತ್ತಿದ್ದ ದನಿ ಕಿವಿಯಿಂದ ಹೋಗಲೊಲ್ಲದು. ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲವೆನ್ನದೆ, ಕೊಡದೆ, ಎದ್ದು ಬಂದ ಹಾಗೆ ಅನಿಸುತ್ತಿತ್ತು. ಸೋಮವಾರ ತಿರುಗಿ ಬಂದಳು.

ಇಡೀ ವರ್ಷ ಓದಿ ಹೇಳಿದಳು. ನಿಧಾನವಾಗಿ, ಕಷ್ಟದ ಪದಗಳನ್ನು ಬಿಡಿಸಿ ಬಿಡಿಸಿ. ಅಂಜಿಕೆ ಹೋಗಲಿಲ್ಲ. ಒಮ್ಮೆ ಮಾತ್ರ, "ತಿಳೀತಾ?" ಎಂದು ಕೇಳಿದಳು. ಪುಟ ನೋಡಲು ಯಾರೋ ಬಗ್ಗಿದ ಹಾಗೆ ಕತ್ತಿನ ಹಿಂದೆ ತಣ್ಣನೆ ಉಸಿರು ಸೋಕಿತು. ಮತ್ತೆಂದೂ ಕೇಳಲಿಲ್ಲ.

ತಡವರಿಕೆ ಬರಬರುತ್ತ ಕಡಿಮೆಯಾಯಿತು. ಕಡೆಯ ಪಾಠಗಳಿಗೆ ಬರುವಾಗ ಎರಡು ದನಿಯೂ ಕೂಡಿಯೇ ಓದುತ್ತಿದ್ದವು. ಒಂದು ದಿನ ನೀರು ಕುಡಿಯಲು ಓದು ನಿಲ್ಲಿಸಿದಳು. ತಂಬಿಗೆ ತುಟಿಯಲ್ಲಿತ್ತು, ಓದು ಮುಂದುವರಿಯುತ್ತಿತ್ತು. ಕೇಳಿಸಿದ್ದು ಗಂಗಾಂಬಿಕಾಳದೇ ದನಿ.

ಅಂದು ಅಂಜಿದ ಹಾಗೆ ಅವಳು ಎಂದೂ ಅಂಜಿರಲಿಲ್ಲ. ಪರೀಕ್ಷೆ ಬರೆಯುವವಳು ತಾನೋ, ಮಧುರಾಳೋ? ಹುಬ್ಬಳ್ಳಿಯ ಪರೀಕ್ಷಾ ಕೇಂದ್ರದಲ್ಲಿ ಕೈ ತಾನಾಗಿ ಓಡತೊಡಗಿದಾಗ ಪೆನ್ನು ಕೆಳಗಿಟ್ಟಳು. ಕಣ್ಣು ಮುಚ್ಚಿ ಅಪ್ಪನ ಗೋದಾಮು ನೆನೆದಳು. ಯಾವ ಪುಸ್ತಕದಲ್ಲೂ ಇಲ್ಲದ ದಾಸನಕೊಪ್ಪದ ಶುಂಠಿಯ ಕತೆಯನ್ನೇ ಉದಾಹರಣೆಯಾಗಿ ಬರೆದಳು. ಅಷ್ಟಾದರೂ ತನ್ನದಿರಲಿ ಎಂದು.

ಮೊದಲ ದರ್ಜೆ ಬಂತು. ಪೇಡೆ ತಂದು ವೆಂಕಮ್ಮನ ಕೈಗಿಟ್ಟಳು.

"ನಿಂದು ಆತು," ಎಂದಳು ವೆಂಕಮ್ಮ. "ನಮ್ಮ ಕೂಸಿಂದು?"

ಗಂಗಾಂಬಿಕಾ ಕೋಣೆಯ ಕಡೆ ನೋಡಿದಳು. "ಆಕೀದೂ ಆತ್ರೀ ಅಮ್ಮಾ. ಇಬ್ರೂ ಪಾಸು."

ವೆಂಕಮ್ಮ ಒಂದು ಪೇಡೆಯನ್ನು ಕೋಣೆಯ ಹೊಸ್ತಿಲ ಮೇಲಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಮಗಳು ಹೋದಾಗಲೂ ಅವಳು ಅತ್ತಿರಲಿಲ್ಲ ಎಂದು ನೆರೆಯವರು ಆಮೇಲೆ ಹೇಳಿದರು. ಅಂದು ಸಂಜೆ ಗಂಗಾಂಬಿಕಾ ಆ ಕೋಣೆಯಲ್ಲಿ ಕುಳಿತು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ನೋಡಿದಳು. ಆ ದನಿ ಅವಳ ಓದಿನ ಮುಂದೆ ಬರಲಿಲ್ಲ, ಹಿಂದೆಯೂ ಬರಲಿಲ್ಲ.

ಕಚೇರಿಯವರು ಅವಳನ್ನು ಮಂಗಳೂರಿನ ಬಂದರಿನ ಕೆಲಸಕ್ಕೆ ಕಳಿಸಿದರು. ಕೆಲಸ ಅವಳಿಗೆ ಒಗ್ಗಿತು, ಹೆಸರೂ ಬಂತು. ಅಲ್ಲಿಗೆ ಹೋದ ಮೊದಲ ವಾರವೇ ಊರಿಗೆ ಫೋನು ಮಾಡಿದ್ದಳು. ಪಾರ್ವತವ್ವ ಎತ್ತಿಕೊಂಡಳು.

"ಊಟ ಆತೇನವ್ವಾ?"

ಪಾರ್ವತವ್ವ ಹೊರಗಿನವರೊಡನೆ ಆಡುವ ಮರ್ಯಾದೆಯಲ್ಲಿ ಕೇಳಿದಳು: "ಯಾರ್ರೀ ಮಾತಾಡೋದು?"

"ನಾನವ್ವಾ, ಗಂಗಾ."

"ಗಂಗಾನ ದನಿ ನನಗ ಗೊತ್ತಿಲ್ಲೇನ್ರೀ?" ಎಂದಳು ಪಾರ್ವತವ್ವ. "ಇಂಥ ಸಣ್ಣ ದನಿ ಆಕೀದಲ್ಲ. ನೀವು ಯಾರು ಹೇಳ್ರಿ ಮೊದಲ."